ಅರ್ಧ ಚಮಚ ಅತಿಮಧುರ ಯಾರಿಗೆ ಎಷ್ಟು?

ಎದೆಯುರಿ, ಹುಳಿತೇಗು, ಹಸಿದಾಗ ಹೊಟ್ಟೆಯ ಮೇಲ್ಭಾಗದಲ್ಲಿ ಕೊರೆಯುವ ನೋವು ಎಂದು ಹೇಳಿಕೊಂಡು ಗ್ರಂಧಿಗೆ ಅಂಗಡಿಗೆ ಹೋದವರಿಗೆ ಅಂಗಡಿಯವರು ಅತಿಮಧುರದ ಪುಡಿಯನ್ನು ಕಟ್ಟಿಕೊಟ್ಟು, ಬೆಳಿಗ್ಗೆ ಸಂಜೆ ಅರ್ಧ ಚಮಚ ಹಾಲಿಗೆ ಹಾಕಿ ಕುಡಿಯಿರಿ ಎನ್ನುತ್ತಾರೆ. ಅದೇ ನೋವನ್ನು ಮೆಡಿಕಲ್ ಸ್ಟೋರಿನಲ್ಲಿ ಹೇಳಿದರೆ ಜಠರದ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಗುಳಿಗೆ ಸಿಗುತ್ತದೆ; ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಎಂಬುದು ಅಲ್ಲಿನ ಸೂಚನೆ. ಎರಡು ಕಡೆಯೂ ಗಿರಾಕಿಯ ವಯಸ್ಸೆಷ್ಟು, ತೂಕವೆಷ್ಟು, ಬಿಪಿಗೆ ಗುಳಿಗೆ ನಡೆಯುತ್ತಿದೆಯೇ ಎಂದು ಕೇಳುವ ರೂಢಿಯಿಲ್ಲ. ಹೊಟ್ಟೆಹುಣ್ಣಿಗೆ ಗಿಡಮೂಲಿಕೆ ಒಳ್ಳೆಯದೋ ಇಂಗ್ಲಿಷ್ ಔಷಧಿ ಒಳ್ಳೆಯದೋ ಎಂಬ ವಾದ ನಮ್ಮಲ್ಲಿ ಎಷ್ಟು ಬಿಸಿಯಾಗಿ ನಡೆಯುತ್ತದೆಯೆಂದರೆ, ಎರಡಕ್ಕೂ ಸಮಾನವಾಗಿ ಅನ್ವಯಿಸುವ ಒಂದು ಪ್ರಶ್ನೆ ಅದರ ಸದ್ದಿನಲ್ಲಿ ಮುಳುಗಿಹೋಗಿದೆ: ಈ ಪ್ರಮಾಣ ಯಾರ ದೇಹಕ್ಕೆ ಹೊಂದಿಸಿದ್ದು? ಗುಳಿಗೆಯ ವಿಷಯದಲ್ಲಿ ಈ ಪ್ರಶ್ನೆಗೆ ಕಳೆದ ಮೂರು ದಶಕಗಳಲ್ಲಿ ಸಾಕಷ್ಟು ಉತ್ತರ ಸಿಕ್ಕಿದೆ. ಗಿಡಮೂಲಿಕೆಯ ವಿಷಯದಲ್ಲಿ ಅದನ್ನು ಕೇಳಿದವರೇ ಕಡಿಮೆ. ಹಾಗೆ ಕೇಳಲೇಬೇಕಾಗಿ ಬಂದ ಒಂದು ಸಂದರ್ಭ ಮಾತ್ರ ಔಷಧವಿಜ್ಞಾನದ ಇತಿಹಾಸದಲ್ಲಿ ವಿವರವಾಗಿ ದಾಖಲಾಗಿದ್ದು, ಅದು ಇದೇ ಅತಿಮಧುರದ್ದು.

1946ರಲ್ಲಿ ರೆವರ್ಸ್ ಎಂಬ ಡಚ್ ವೈದ್ಯರು, ನೆದರ್ಲೆಂಡ್ಸ್‌ನ ಹೀರನ್‌ವೇನ್ ಎಂಬ ಊರಿನ ಔಷಧ ವ್ಯಾಪಾರಿಯೊಬ್ಬರು ತಯಾರಿಸಿಕೊಡುತ್ತಿದ್ದ ಲೇಹ್ಯವೊಂದರಿಂದ ಜಠರದ ಹುಣ್ಣು ವಾಸಿಯಾಗುತ್ತಿರುವುದನ್ನು ಗಮನಿಸಿ ವರದಿ ಮಾಡಿದರು. ಲೇಹ್ಯದ ಮುಖ್ಯ ದ್ರವ್ಯ ಅತಿಮಧುರದ ಸಾರ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಸುಮಾರು ಐವರಲ್ಲಿ ಒಬ್ಬರಿಗೆ ಮುಖ, ಕೈಕಾಲುಗಳಲ್ಲಿ ನೀರು ತುಂಬಿ ಬಾವು ಬರುತ್ತಿತ್ತು, ಲೇಹ್ಯವನ್ನು ನಿಲ್ಲಿಸಿದರೆ ಇಳಿಯುತ್ತಿತ್ತು. ಅವರೆಲ್ಲರೂ ಕುಡಿದದ್ದು ಒಂದೇ ಡಬ್ಬಿಯ ಮದ್ದು. ನಾಲ್ವರಿಗೆ ಏನೂ ಆಗದೆ ಐದನೆಯವರಿಗೆ ಮಾತ್ರ ಬಾವು ಬಂದದ್ದೇಕೆ ಎಂಬುದು ಅಂದಿನ ಮಟ್ಟಿಗೆ ಒಗಟಾಗಿಯೇ ಉಳಿಯಿತು.

ಅತಿಮಧುರದ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಎಂಬ ವಸ್ತುವಿನ ಜಾಡು ಹಿಡಿದು 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಕಾರ್ಬೆನಾಕ್ಸಲೋನ್ ಎಂಬ ಔಷಧಿ ತಯಾರಾಯಿತು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟ ರಿಚರ್ಡ್ ಡಾಲ್ ಅವರೇ 1962ರಲ್ಲಿ ಅದರ ಕ್ರಮಬದ್ಧ ಪರೀಕ್ಷೆಯನ್ನು ಪ್ರಕಟಿಸಿ, ಓಡಾಡಿಕೊಂಡಿರುವ ರೋಗಿಗಳಲ್ಲಿಯೂ ಅದು ಜಠರದ ಹುಣ್ಣನ್ನು ಬೇಗ ಮಾಯಿಸುತ್ತದೆ ಎಂದು ತೋರಿಸಿದರು. ಹಾಸಿಗೆಯಲ್ಲಿ ಮಲಗಿರುವುದೇ ಮುಖ್ಯ ಚಿಕಿತ್ಸೆಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. ಆಮ್ಲವನ್ನು ಕಡಿಮೆ ಮಾಡುವ ಬದಲು, ಜಠರದ ಗೋಡೆಯನ್ನು ಕಾಯುವ ಲೋಳೆಯನ್ನೂ ಪ್ರೋಸ್ಟಗ್ಲಾಂಡಿನ್ ಎಂಬ ರಕ್ಷಕ ವಸ್ತುಗಳನ್ನೂ ಹೆಚ್ಚಿಸುವುದು ಅದರ ದಾರಿಯಾಗಿತ್ತು. ಆದರೆ ಲೇಹ್ಯದ ದೋಷ ಗುಳಿಗೆಯಲ್ಲಿಯೂ ಮುಂದುವರಿಯಿತು. ಉಪ್ಪು ಮತ್ತು ನೀರು ದೇಹದಲ್ಲಿ ನಿಂತು ರಕ್ತದೊತ್ತಡ ಏರುವುದು, ಪೊಟ್ಯಾಸಿಯಂ ಇಳಿದು ಸ್ನಾಯುಗಳು ಸೋಲುವುದು, ಹೃದಯದ ಬಡಿತ ತಪ್ಪುವುದು ಕಂಡುಬಂದವು.

ಇದರ ಕಾರಣ ಸ್ಪಷ್ಟವಾಗಲು 1987ರವರೆಗೆ ಕಾಯಬೇಕಾಯಿತು. ನಮ್ಮ ಮೂತ್ರಪಿಂಡದಲ್ಲಿ ಉಪ್ಪನ್ನು ಹಿಡಿದಿಡುವ ಬಾಗಿಲೊಂದಿದೆಯೆಂದು ಭಾವಿಸಿದರೆ, ಅದರ ನಿಜವಾದ ಬೀಗದ ಕೈ ಆಲ್ಡೊಸ್ಟೆರಾನ್ ಎಂಬ ಹಾರ್ಮೋನು. ಆದರೆ ರಕ್ತದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿರುವ ಕಾರ್ಟಿಸಾಲ್ ಕೂಡ ಅದೇ ಬೀಗಕ್ಕೆ ಹೊಂದುತ್ತದೆ. ಹಾಗೆ ಹೊಂದದಂತೆ, ಬಾಗಿಲ ಬಳಿಯೇ ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವೊಂದು ಅಲ್ಲಿ ಕಾವಲಿಗಿರುತ್ತದೆ. ಅತಿಮಧುರ ಆ ಕಾವಲುಗಾರನನ್ನೇ ಕಟ್ಟಿಹಾಕುತ್ತದೆ. ಹುಣ್ಣು ಮಾಯುವ ಗುಣವನ್ನು ಉಳಿಸಿಕೊಂಡು ಈ ದೋಷವನ್ನು ಮಾತ್ರ ತೆಗೆಯಬಹುದೇ ಎಂದು ಸ್ಪೈರೊನೊಲ್ಯಾಕ್ಟೋನ್ ಎಂಬ ಔಷಧಿಯನ್ನು ಕಾರ್ಬೆನಾಕ್ಸಲೋನ್ ಜೊತೆಗೆ ಕೊಟ್ಟು ನೋಡಿದಾಗ ಬಾವೇನೋ ನಿಂತಿತು, ಆದರೆ ಹುಣ್ಣು ವಾಸಿಯಾಗುವುದೂ ನಿಂತಿತು. ಗ್ಲಿಸಿರೈಜಿನ್ ತೆಗೆದ ಅತಿಮಧುರದ ಗುಳಿಗೆಗಳೂ ಬಂದವು. ಅವುಗಳ ಮೇಲಿನ ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ: ಕೆಲವು ಕಡೆ ಅವು ಆಮ್ಲ ತಗ್ಗಿಸುವ ಸಿಮೆಟಿಡಿನ್‌ಗೆ ಸಮಾನವೆನಿಸಿದರೆ, ಕೆಲವು ಕಡೆ ಔಷಧವಿಲ್ಲದ ಹುಸಿ ಗುಳಿಗೆಗಿಂತ ಮೇಲೆನಿಸಲಿಲ್ಲ.

ಇನ್ನು ಐದನೆಯವರ ಒಗಟು. ಗ್ಲಿಸಿರೈಜಿನ್ ಹಾಗೆಯೇ ರಕ್ತಕ್ಕೆ ಸೇರುವುದು ತೀರ ಅಲ್ಪ. ಕರುಳಿನ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯ ಭಾಗವನ್ನು ಕತ್ತರಿಸಿದ ಮೇಲಷ್ಟೇ ಉಳಿದ ಭಾಗ ಒಳಗೆ ಹೀರಲ್ಪಡುತ್ತದೆ. ಅಂದರೆ ಮದ್ದನ್ನು ಮದ್ದಾಗಿಸುವ ಕೆಲಸದ ಒಂದು ಪಾಲು ನಡೆಯುವುದು ರೋಗಿಯ ಕರುಳಿನಲ್ಲಿಯೇ, ಮತ್ತು ಆ ಬ್ಯಾಕ್ಟೀರಿಯಾ ಸಮೂಹ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಮಲಬದ್ಧತೆಯಿರುವವರ ಕರುಳಿನಲ್ಲಿ ಅದು ಹೆಚ್ಚು ಹೊತ್ತು ತಂಗುವುದರಿಂದ ಹೀರಿಕೆಯೂ ಹೆಚ್ಚು. ವಯಸ್ಸಿನದು ಇನ್ನೊಂದು ಲೆಕ್ಕ. ಇಂಗ್ಲೆಂಡಿನ ಸಂಶೋಧಕರು 1977ರಲ್ಲಿ ಕಾರ್ಬೆನಾಕ್ಸಲೋನ್ ಕೊಟ್ಟು ನೋಡಿದಾಗ, ವಯಸ್ಸಾದವರ ರಕ್ತದಿಂದ ಅದು ಹೊರಹೋಗುವುದು ನಿಧಾನವೆಂದೂ, ರಕ್ತದ ಪ್ರೋಟೀನಿಗೆ ಅದು ಅಂಟಿಕೊಳ್ಳುವುದು ಅವರಲ್ಲಿ ಕಡಿಮೆಯೆಂದೂ ಕಂಡುಕೊಂಡರು. ಅಡ್ಡಪರಿಣಾಮಗಳು ವೃದ್ಧರಲ್ಲಿ ಹೆಚ್ಚಲು ಇದು ಕಾರಣವಿರಬಹುದೆಂದರು. ಅಷ್ಟರಲ್ಲಿ, 1976ರಲ್ಲಿ, ಸಿಮೆಟಿಡಿನ್ ಮಾರುಕಟ್ಟೆಗೆ ಬಂದಿತ್ತು. ಕಾರ್ಬೆನಾಕ್ಸಲೋನ್ ಕ್ರಮೇಣ ಮರೆಯಾಯಿತು. ಅದರೊಂದಿಗೆ, ಒಂದು ಗಿಡದ ಮದ್ದನ್ನು ಇಷ್ಟು ಆಳವಾಗಿ ವ್ಯಕ್ತಿಯಿಂದ ವ್ಯಕ್ತಿಗೆ ಅಳೆದು ನೋಡುವ ಉತ್ಸಾಹವೂ ಮರೆಯಾಯಿತೆಂದು ನನಗನ್ನಿಸುತ್ತದೆ.

ಈಗ ಅರ್ಧ ಚಮಚಕ್ಕೆ ಹಿಂತಿರುಗೋಣ. ಔಷಧಗಳ ಅಧಿಕೃತ ಗ್ರಂಥವಾದ ಭಾರತದ ಆಯುರ್ವೇದ ಫಾರ್ಮಕೋಪಿಯಾ ಯಷ್ಟಿಮಧುವಿನ, ಅಂದರೆ ಅತಿಮಧುರದ, ಪುಡಿಗೆ ಸೂಚಿಸುವ ಪ್ರಮಾಣ 2ರಿಂದ 4 ಗ್ರಾಂ. ಬೇರಿನಲ್ಲಿರುವ ಗ್ಲಿಸಿರೈಜಿನ್ ಅಂಶ ತಳಿ, ಮಣ್ಣು, ಕಿತ್ತ ಕಾಲವನ್ನು ಅವಲಂಬಿಸಿ ಬಹಳ ವ್ಯತ್ಯಾಸವಾಗುತ್ತದೆ. ಲೆಕ್ಕಕ್ಕೆಂದು ಒಂದು ಬೇರಿನಲ್ಲಿ ಶೇಕಡಾ 3, ಇನ್ನೊಂದರಲ್ಲಿ ಶೇಕಡಾ 8 ಇದೆಯೆಂದುಕೊಂಡರೆ, ಮೊದಲನೆಯದರ 2 ಗ್ರಾಮಿನಲ್ಲಿ 60 ಮಿಲಿಗ್ರಾಂ, ಎರಡನೆಯದರ 4 ಗ್ರಾಮಿನಲ್ಲಿ 320 ಮಿಲಿಗ್ರಾಂ ಗ್ಲಿಸಿರೈಜಿನ್ ಸಿಗುತ್ತದೆ. ಐದು ಪಟ್ಟಿಗಿಂತ ಹೆಚ್ಚಿನ ಈ ಅಂತರ ಫಾರ್ಮಕೋಪಿಯಾದ ಮಿತಿಯೊಳಗೇ ಇದೆ. ಯುರೋಪಿನ ಆಹಾರ ತಜ್ಞರ ಸಮಿತಿ ದಿನವೂ ಸೇವಿಸುವವರಿಗೆ 100 ಮಿಲಿಗ್ರಾಮಿನ ಮಿತಿಯನ್ನು ಸೂಚಿಸಿದೆ. ಅದು ನಿತ್ಯದ ಆಹಾರಕ್ಕೆ ಹಾಕಿದ ಮಿತಿಯೇ ಹೊರತು ಕೆಲವು ವಾರಗಳ ಚಿಕಿತ್ಸೆಗೆ ಹಾಕಿದ್ದಲ್ಲ ಎಂಬುದು ನಿಜ. ಆದರೆ ನಮ್ಮಲ್ಲಿ ಚೂರ್ಣಗಳನ್ನು ಕೆಲವೇ ವಾರ ಸೇವಿಸಿ ನಿಲ್ಲಿಸುವವರು ಎಷ್ಟು ಮಂದಿ?

ಅತಿಮಧುರ ಅಪವಾದ; ಉಳಿದ ಹೆಚ್ಚಿನ ಗಿಡಗಳ ಕಥೆ ಇಲಿಗಳ ಬಳಿ ಬಂದು ನಿಲ್ಲುತ್ತದೆ. ಭಾರತದ ಫಾರ್ಮಸಿ ಕಾಲೇಜುಗಳಿಂದ ಪ್ರತಿವರ್ಷ ಹೊರಬರುವ ಹುಣ್ಣಿನ ಮದ್ದಿನ ಪ್ರಬಂಧಗಳ ಅಚ್ಚು ಹೆಚ್ಚುಕಡಿಮೆ ಒಂದೇ. ಒಂದು ಎಲೆಯನ್ನೋ ತೊಗಟೆಯನ್ನೋ ಆಲ್ಕೋಹಾಲಿನಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಇಲಿಗೆ ಪ್ರತಿ ಕಿಲೋ ತೂಕಕ್ಕೆ 200 ಅಥವಾ 400 ಮಿಲಿಗ್ರಾಂ ಕುಡಿಸುತ್ತಾರೆ. ಆಸ್ಪಿರಿನ್, ಇಂಡೊಮೆಥಾಸಿನ್ ಎಂಬ ನೋವಿನ ಗುಳಿಗೆಗಳನ್ನು ಅಥವಾ ಆಲ್ಕೋಹಾಲ್ ಕೊಟ್ಟು, ಇಲ್ಲವೆ 1945ರಲ್ಲಿ ಶೇ ಎಂಬುವರು ವಿವರಿಸಿದಂತೆ ಜಠರದ ಕೆಳಬಾಯಿಯನ್ನು ಕಟ್ಟಿ, ಹುಣ್ಣು ಬರಿಸುತ್ತಾರೆ. ಹುಣ್ಣಿನ ತೀವ್ರತೆಗೆ ಕೊಡುವ ಅಂಕ ಇಳಿದರೆ ಔಷಧಗುಣ ಸಾಬೀತಾಯಿತೆಂದು ಬರೆಯುತ್ತಾರೆ. ದೇಹದ ಮೇಲ್ಮೈ ವಿಸ್ತೀರ್ಣದ ಆಧಾರದ ಮೇಲೆ ಇಲಿಯ ಪ್ರಮಾಣವನ್ನು ಮನುಷ್ಯನದಕ್ಕೆ ಹೊಂದಿಸುವಾಗ ಸುಮಾರು 6.2ರಿಂದ ಭಾಗಿಸುವುದು ವಾಡಿಕೆ. ಆ ಪ್ರಕಾರ 400 ಮಿಲಿಗ್ರಾಂ ಎಂದರೆ ಮನುಷ್ಯನಿಗೆ ಕಿಲೋಗೆ 65 ಮಿಲಿಗ್ರಾಂ, 60 ಕಿಲೋ ತೂಕದವರಿಗೆ ಸುಮಾರು 3.9 ಗ್ರಾಂ ಸಾರ. ಒಣಎಲೆಯ ಹತ್ತನೆಯ ಒಂದು ಭಾಗ ಸಾರವಾಗಿ ಬರುತ್ತದೆಂದುಕೊಂಡರೆ ಪ್ರತಿದಿನ 39 ಗ್ರಾಂ ಒಣಎಲೆ ಬೇಕಾಗುತ್ತದೆ. ಇದನ್ನು ಯಾರು ತಿಂದಾರು ಎಂಬ ಪ್ರಶ್ನೆ ಪ್ರಬಂಧದ ಕೊನೆಯ ಪುಟದಲ್ಲಿಯೂ ಏಳುವುದಿಲ್ಲ.

ಪ್ರಮಾಣದ್ದು ಒಂದು ತೊಡಕಾದರೆ ಹುಣ್ಣಿನದೇ ಇನ್ನೊಂದು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಬೆಳೆಸಿದ, ಮುಂದೆ 2005ರ ನೊಬೆಲ್ ಪ್ರಶಸ್ತಿಗೆ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವೇ ಮನುಷ್ಯರ ಹುಣ್ಣುಗಳ ಬಹುಪಾಲಿಗೆ ಮೂಲ. ಪ್ರಯೋಗಶಾಲೆಯ ಇಲಿಯ ಹುಣ್ಣಿನಲ್ಲಿ ಆ ಬ್ಯಾಕ್ಟೀರಿಯಾವೇ ಇರುವುದಿಲ್ಲ. ಹಾಗಾಗಿ ಇಂತಹ ಪ್ರಯೋಗ ಹೇಳಬಲ್ಲದ್ದು ಹೆಚ್ಚೆಂದರೆ ನೋವಿನ ಗುಳಿಗೆಯಿಂದ ಬರುವ ಹುಣ್ಣಿನ ಬಗ್ಗೆ. ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಕೊಲ್ಲುವುದು ಸಾಲದೆಂಬುದಕ್ಕೆ ಯುನಾನಿಯವರು ರೂಮಿ ಮಸ್ತಗಿ ಎನ್ನುವ, ಗ್ರೀಸಿನ ಕಿಯೋಸ್ ದ್ವೀಪದ ಗೋಂದು ಸಾಕ್ಷಿ. ಅದು ಪೈಲೋರಿಯನ್ನು ಕೊಲ್ಲುತ್ತದೆಂಬ 1998ರ ವರದಿ ದೊಡ್ಡ ಸುದ್ದಿಯಾಯಿತು. ಐದೇ ವರ್ಷಗಳಲ್ಲಿ ಸೋಂಕಿದ್ದವರಿಗೇ ಅದನ್ನು ಕೊಟ್ಟು ನೋಡಿದ ಸಣ್ಣ ಅಧ್ಯಯನವೊಂದರಲ್ಲಿ ಸೋಂಕು ಹೋಗಲಿಲ್ಲ.

ಹಾಗೆಂದು ಇಲಿಗಳ ಪ್ರಯೋಗವೆಲ್ಲ ವ್ಯರ್ಥವೆನ್ನಲಾಗದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸನ್ಯಾಲ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಆರಂಭಿಸಿದ ಬಾಳೆಕಾಯಿಯ ಅಧ್ಯಯನ ಎಚ್ಚರಿಕೆಯಿಂದ ಮುಂದುವರಿದದ್ದರಿಂದಲೇ ಒಂದು ಮುಖ್ಯ ಸಂಗತಿ ತಿಳಿಯಿತು: 1984ರಲ್ಲಿ ಬ್ರಿಟನ್ನಿನ ತಂಡವೊಂದು ತೋರಿಸಿದಂತೆ, ಆಸ್ಪಿರಿನ್ ಹುಣ್ಣಿನಿಂದ ಇಲಿಯನ್ನು ಕಾಯುವುದು ಒಣಗಿಸಿದ ಬಲಿಯದ ಬಾಳೆಕಾಯಿಯ ಪುಡಿ, ಹಣ್ಣಲ್ಲ. ಬಾಳೆ ಹೊಟ್ಟೆಗೆ ತಂಪು ಎಂಬ ನಮ್ಮ ಮಾತಿನಲ್ಲಿ ಕಾಯಿ, ಹಣ್ಣು, ಏಲಕ್ಕಿ, ಪಚ್ಚಬಾಳೆ ಎಂಬ ಭೇದವೇ ಇಲ್ಲ.

ಆಹಾರ ಮತ್ತು ಹುಣ್ಣಿನ ನಂಟಿನ ಹುಡುಕಾಟದಲ್ಲಿ ಮೈಸೂರಿಗೂ ಒಂದು ಸ್ಥಾನವಿದೆ. ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ, ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು ಅಕ್ಕಿ ಉಣ್ಣುವ ದಕ್ಷಿಣ ಮತ್ತು ಪೂರ್ವ ಭಾರತದಲ್ಲಿ ಹೆಚ್ಚು, ಗೋಧಿ ಉಣ್ಣುವ ಪಂಜಾಬಿನಂತಹ ಕಡೆ ಕಡಿಮೆ ಎಂಬುದರ ಬೆನ್ನು ಹತ್ತಿದರು. ಇಂಗ್ಲೆಂಡಿಗೆ ಮರಳಿದ ಮೇಲೂ ದಶಕಗಳ ಕಾಲ ಇದನ್ನು ಬಿಡದೆ, ಕೆಲವು ಧಾನ್ಯ ಮತ್ತು ಕಾಳುಗಳ ಕೊಬ್ಬಿನಂಶ ಇಲಿಗಳ ಜಠರವನ್ನು ಕಾಯುತ್ತದೆಂದು ಸಹೋದ್ಯೋಗಿಗಳೊಡನೆ ತೋರಿಸಿದರು. ಆ ಪಟ್ಟಿಯಲ್ಲಿ ನಮ್ಮ ಹುರುಳಿಯೂ ಇತ್ತು. ಪೈಲೋರಿ ಸೋಂಕು ದೇಶದ ಎಲ್ಲ ಕಡೆಯೂ ವ್ಯಾಪಕವಾಗಿರುವಾಗ ಹುಣ್ಣು ಮಾತ್ರ ಕೆಲವು ಕಡೆ ಏಕೆ ಹೆಚ್ಚು ಎಂಬ ಅವರ ಪ್ರಶ್ನೆ ಇಂದಿಗೂ ಹಳತಾಗಿಲ್ಲ.

ಗುಳಿಗೆಯ ಕಡೆ ತಿರುಗಿದರೆ ಚಿತ್ರ ಬೇರೆ. ಒಮೆಪ್ರಜೋಲ್ ಗುಂಪಿನ ಔಷಧಿಗಳನ್ನು ಯಕೃತ್ತಿನಲ್ಲಿ ಕರಗಿಸಿ ಹೊರಹಾಕುವ ಮುಖ್ಯ ಕಿಣ್ವದ ಹೆಸರು ಸಿವೈಪಿ2ಸಿ19. ಅದನ್ನು ರೂಪಿಸುವ ಜೀನಿನ ನಿಷ್ಕ್ರಿಯ ರೂಪವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದವರಲ್ಲಿ ಔಷಧಿ ಹಲವು ಪಟ್ಟು ಹೆಚ್ಚು ಉಳಿಯುತ್ತದೆ. ಯುರೋಪಿಯನ್ನರಲ್ಲಿ ಇಂತಹವರು ನೂರಕ್ಕೆ ಇಬ್ಬರಿಂದ ಐವರು. ತಮಿಳರ ಮೇಲೆ ಪುದುಚೇರಿಯ ಜಿಪ್ಮರ್ ವೈದ್ಯಕೀಯ ಸಂಸ್ಥೆ ನಡೆಸಿದ ಅಧ್ಯಯನದ ಪ್ರಕಾರ ಸುಮಾರು ಏಳು ಜನರಲ್ಲಿ ಒಬ್ಬರು. ಇದರ ಪರಿಣಾಮವನ್ನು 1998ರಲ್ಲಿ ಜಪಾನಿನ ಫುರುಟಾ ತಂಡ ಎಷ್ಟು ಚೊಕ್ಕವಾಗಿ ತೋರಿಸಿತೆಂದರೆ, ಆ ಅಂಕಿಗಳನ್ನು ಹಾಗೆಯೇ ಕೊಡುವುದು ಲೇಸು. ಎಲ್ಲರಿಗೂ ಒಮೆಪ್ರಜೋಲ್ ಮತ್ತು ಅಮಾಕ್ಸಿಸಿಲಿನ್ ಒಂದೇ ಪ್ರಮಾಣದಲ್ಲಿ ಕೊಟ್ಟಾಗ, ಔಷಧಿಯನ್ನು ಬೇಗ ಕರಗಿಸುವವರಲ್ಲಿ ಶೇಕಡಾ 28.6, ಮಧ್ಯಮ ಗತಿಯವರಲ್ಲಿ ಶೇಕಡಾ 60, ನಿಧಾನದವರಲ್ಲಿ ಶೇಕಡಾ 100 ಮಂದಿಯ ಪೈಲೋರಿ ಸೋಂಕು ವಾಸಿಯಾಯಿತು. ಇಂದು ಹೆಚ್ಚು ಔಷಧಿಗಳನ್ನು ಕೂಡಿಸಿ ಕೊಡುವುದರಿಂದ ಅಂತರ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ. ಆದರೂ ಜೀನಿಗೆ ತಕ್ಕ ಔಷಧ ಪ್ರಮಾಣವನ್ನು ಸೂಚಿಸುವ ಸಿಪಿಐಸಿ ಎಂಬ ಅಂತರರಾಷ್ಟ್ರೀಯ ತಜ್ಞರ ಕೂಟ 2020ರಲ್ಲಿ, ಅತಿವೇಗದವರಿಗೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಪ್ರಮಾಣವನ್ನು ಶೇಕಡಾ 50ರಿಂದ 100ರಷ್ಟು ಹೆಚ್ಚಿಸಬೇಕೆಂದೂ, ನಿಧಾನದವರಿಗೆ 12 ವಾರ ಮೀರಿ ಕೊಡಬೇಕಾದಲ್ಲಿ ಅರ್ಧಕ್ಕಿಳಿಸುವುದನ್ನು ಯೋಚಿಸಬೇಕೆಂದೂ ಹೇಳಿತು.

ಇದರಲ್ಲೊಂದು ವಿಚಿತ್ರವಿದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಸೇವಿಸುವ ಕ್ಲೊಪಿಡೊಗ್ರೆಲ್ ಎಂಬ ಗುಳಿಗೆ ದೇಹದೊಳಗೆ ಸಕ್ರಿಯವಾಗಲು ಇದೇ ಕಿಣ್ವ ಬೇಕು. ಹಾಗಾಗಿ ಹೊಟ್ಟೆಯ ಔಷಧಿಯ ಮಟ್ಟಿಗೆ ಅದೃಷ್ಟವಂತರೆನಿಸುವ ನಿಧಾನಗತಿಯವರು ಹೃದಯದ ಔಷಧಿಯ ಮಟ್ಟಿಗೆ ನತದೃಷ್ಟರು. ಒಮೆಪ್ರಜೋಲ್ ಸ್ವತಃ ಆ ಕಿಣ್ವವನ್ನು ತಡೆಯುವುದರಿಂದ ಎರಡನ್ನೂ ಜೊತೆಗೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2009ರಲ್ಲಿಯೇ ಎಚ್ಚರಿಸಿದರು.

ಜೀನಿನ ಈ ಲೆಕ್ಕಾಚಾರ ಗುಳಿಗೆಗೆ ಮಾತ್ರ, ಅಡುಗೆಮನೆಯ ಮದ್ದಿಗಲ್ಲ ಎಂದುಕೊಂಡವರನ್ನು ಅರಿಶಿನ ಎಚ್ಚರಿಸಿದೆ. ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಬಹಳ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಆ ಸೇರುವಿಕೆ ಶೇಕಡಾ 2000ದಷ್ಟು ಹೆಚ್ಚಾದುದನ್ನು ತೋರಿಸಿದರು. ಜಗತ್ತಿನಾದ್ಯಂತ ಮಾರಾಟವಾಗುವ ಅರಿಶಿನದ ಕ್ಯಾಪ್ಸೂಲುಗಳಲ್ಲಿ ಕರಿಮೆಣಸಿನ ಸಾರ ಸೇರಿಕೊಂಡದ್ದರ ಹಿಂದೆ ಈ ಬೆಂಗಳೂರಿನ ಪ್ರಯೋಗವಿದೆ. 2023ರಲ್ಲಿ ಥಾಯ್ಲೆಂಡಿನಲ್ಲಿ 206 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಕರ್ಕ್ಯುಮಿನ್ ಅಜೀರ್ಣದ ತೊಂದರೆಗೆ ಒಮೆಪ್ರಜೋಲ್‌ನಷ್ಟೇ ಉಪಶಮನ ಕೊಟ್ಟಿತು. ಆ ರೋಗಿಗಳಿಗೆ ಇದ್ದದ್ದು ಹುಣ್ಣಲ್ಲ ಎಂಬುದು ಪತ್ರಿಕೆಗಳ ತಲೆಬರಹಗಳಲ್ಲಿ ಕಳೆದುಹೋಯಿತು. ಅದಕ್ಕೊಂದು ವರ್ಷ ಮುಂಚೆ, ಅರಿಶಿನದ ಪೂರಕಗಳಿಂದ ಯಕೃತ್ತಿಗೆ ಹಾನಿಯಾದ ಹತ್ತು ಪ್ರಕರಣಗಳನ್ನು ಅಮೆರಿಕದ ಸಂಶೋಧಕರ ಜಾಲವೊಂದು ಪ್ರಕಟಿಸಿತ್ತು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಮಂದಿ ಎಚ್‌ಎಲ್‌ಎ-ಬಿ*35:01 ಎಂಬ ಒಂದೇ ಜೀನ್ ರೂಪವನ್ನು ಹೊತ್ತವರು. ಗ್ರೀನ್ ಟೀ ಸಾರದಿಂದ ಯಕೃತ್ತು ಕೆಟ್ಟವರಲ್ಲಿಯೂ ಇದೇ ರೂಪ ಹೆಚ್ಚಾಗಿ ಕಂಡಿದೆ. ಈ ಜೀನ್ ಹೊತ್ತ ಬಹುಸಂಖ್ಯಾತರಿಗೆ ಅರಿಶಿನದಿಂದ ಏನೂ ಆಗುವುದಿಲ್ಲ, ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಈ ಕ್ಯಾಪ್ಸೂಲಿಗೂ ಹೋಲಿಕೆಯಿಲ್ಲ. ಆದರೆ ಹೀರಿಕೆಯನ್ನು ಹೆಚ್ಚಿಸುವ ಜಾಣ್ಮೆ ಎಲ್ಲರಿಗೂ ಒಂದೇ ಫಲ ಕೊಡುವುದಿಲ್ಲವೆಂಬುದು ಇಲ್ಲಿ ಜೀನಿನ ಮಟ್ಟದಲ್ಲಿ ಕಾಣಿಸಿತು. ಪೈಪರಿನ್ ಇತರ ಔಷಧಿಗಳನ್ನು ಕರಗಿಸುವ ಕಿಣ್ವಗಳನ್ನೂ ತಡೆಯುತ್ತದೆಂಬುದನ್ನು ಇದರ ಜೊತೆಗಿಟ್ಟು ನೋಡಬೇಕು.

ಆಯುರ್ವೇದದವರು ಇಲ್ಲಿ ನ್ಯಾಯವಾಗಿಯೇ ಒಂದು ಆಕ್ಷೇಪ ಎತ್ತಬಹುದು: ವ್ಯಕ್ತಿಗೆ ತಕ್ಕ ಪ್ರಮಾಣವೆಂಬುದು ನಮ್ಮ ಶಾಸ್ತ್ರದ ಅಡಿಪಾಯ, ಪ್ರಕೃತಿ, ಅಗ್ನಿ, ವಯಸ್ಸು, ಬಲಗಳನ್ನು ನೋಡದೆ ಯಷ್ಟಿಮಧುವನ್ನಾಗಲಿ ಅವಿಪತ್ತಿಕರ ಚೂರ್ಣವನ್ನಾಗಲಿ ಕೊಡುವುದು ವೈದ್ಯವಲ್ಲ ಎಂದು. ಈ ಮಾತನ್ನು ಪರೀಕ್ಷೆಗೊಡ್ಡಿದ ಅಧ್ಯಯನಗಳೂ ಇವೆ. 2011ರಲ್ಲಿ ಪುಣೆಯ ಗೋಡ್ಕೆ, ಜೋಶಿ, ಪಟವರ್ಧನ್ ಅವರು 132 ಆರೋಗ್ಯವಂತರ ಪ್ರಕೃತಿಯನ್ನು ಗುರುತಿಸಿ, ಅದೇ ಸಿವೈಪಿ2ಸಿ19 ಜೀನನ್ನು ಪರೀಕ್ಷಿಸಿದರು. ಔಷಧಿಯನ್ನು ನಿಧಾನವಾಗಿ ಕರಗಿಸುವ ರೂಪ ಕಫ ಪ್ರಕೃತಿಯವರಲ್ಲಿ ಶೇಕಡಾ 31ರಷ್ಟಿದ್ದರೆ, ಪಿತ್ತ ಪ್ರಕೃತಿಯವರಲ್ಲಿ ಸುಮಾರು ಶೇಕಡಾ 9ರಷ್ಟಿತ್ತು. ಪಿತ್ತದವರ ಅಗ್ನಿ ತೀಕ್ಷ್ಣ, ಕಫದವರದು ಮಂದ ಎಂಬ ಹಳೆಯ ವರ್ಣನೆಗೆ ಇದು ಹೊಂದುವುದರಿಂದ ಸಂಭ್ರಮಪಡುವುದು ಸಹಜ. 2015ರಲ್ಲಿ ಮಣಿಪಾಲದ ಎಂ.ಎಸ್. ವಲಿಯತ್ತಾನ್ ಮತ್ತು ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಕೇಂದ್ರದ ಸಂಶೋಧಕರು ಸೇರಿ 262 ಪುರುಷರ ಜೀನೋಮನ್ನು ಪರಿಶೀಲಿಸಿ, ಪ್ರಕೃತಿಗಳ ನಡುವೆ ಭಿನ್ನವಾಗಿರುವ 52 ಗುರುತುಗಳನ್ನು ವರದಿ ಮಾಡಿದರು.

ಆದರೆ 132 ಜನರನ್ನು ಮೂರು ಪಾಲು ಮಾಡಿದರೆ ಒಂದೊಂದರಲ್ಲಿ ಉಳಿಯುವವರು ನಲವತ್ತರ ಆಸುಪಾಸು. ಅಷ್ಟು ಸಣ್ಣ ಗುಂಪಿನಲ್ಲಿ ನಾಲ್ಕಾರು ಜನ ಅತ್ತಿತ್ತ ಆದರೂ ಶೇಕಡಾವಾರು ಬುಡಮೇಲಾಗುತ್ತದೆ. ಒಬ್ಬರನ್ನೇ ನೋಡಿದ ಇಬ್ಬರು ವೈದ್ಯರು ಒಂದೇ ಪ್ರಕೃತಿಯನ್ನು ಹೇಳುತ್ತಾರೆಯೇ ಎಂಬುದೂ ಇತ್ಯರ್ಥವಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಈ ಅಧ್ಯಯನಗಳು ನೋಡಿದ್ದು ಜೀನನ್ನು. ಕಫದವರಿಗೂ ಪಿತ್ತದವರಿಗೂ ಒಂದೇ ತೂಕದ ಯಷ್ಟಿಮಧು ಕೊಟ್ಟು ಅವರ ರಕ್ತದಲ್ಲಿ ಎಷ್ಟು ಸೇರಿತು, ಪೊಟ್ಯಾಸಿಯಂ ಎಷ್ಟಿಳಿಯಿತು ಎಂದಲ್ಲ. ಶಾಸ್ತ್ರದ ಮಾತು ಅಂಗಡಿಯ ಡಬ್ಬಿಯ ಮೇಲೆ ಕಾಣುವುದೂ ಇಲ್ಲ. ಪ್ರಕೃತಿ ನೋಡಿ ಕೊಡಬೇಕೆಂಬ ಚೂರ್ಣವನ್ನೇ ಕಾರ್ಖಾನೆಯಲ್ಲಿ ತುಂಬಿ, ದಿನಕ್ಕೆರಡು ಬಾರಿ ಒಂದು ಚಮಚ ಎಂದು ಎಲ್ಲರಿಗೂ ಅಚ್ಚು ಹಾಕಿದಾಗ, ಅದು ಮೆಡಿಕಲ್ ಸ್ಟೋರಿನ ಗುಳಿಗೆಯ ದಾರಿಯನ್ನೇ ಹಿಡಿದಿದೆ. ವ್ಯತ್ಯಾಸವೆಂದರೆ, ಗುಳಿಗೆಯಲ್ಲಿ 20 ಮಿಲಿಗ್ರಾಂ ಎಂದರೆ 20 ಮಿಲಿಗ್ರಾಂ ಇರಲೇಬೇಕೆಂಬ ನಿಯಮವಿದೆ. ಚೂರ್ಣದ ಡಬ್ಬಿಯ ಮೇಲೆ ಬೇರಿನ ತೂಕವಿರುತ್ತದೆ, ಗ್ಲಿಸಿರೈಜಿನ್ ಎಷ್ಟೆಂಬುದು ಸಾಮಾನ್ಯವಾಗಿ ಇರುವುದಿಲ್ಲ.

ಈ ಮಾಹಿತಿಯನ್ನು ಕಲೆಹಾಕಲು ಜೀನ್ ಪರೀಕ್ಷೆಯವರೆಗೆ ಹೋಗಬೇಕಾಗಿಯೂ ಇಲ್ಲ. ಬಿಪಿ ಉಪಕರಣ ಮತ್ತು ರಕ್ತದ ಪೊಟ್ಯಾಸಿಯಂ ಪರೀಕ್ಷೆ ತಾಲ್ಲೂಕು ಮಟ್ಟದಲ್ಲಿಯೂ ಸಿಗುತ್ತವೆ. ಗ್ಲಿಸಿರೈಜಿನ್ ಅಂಶ ಅಳೆದ ಒಂದೇ ಕಂತಿನ ಬೇರಿನ ಪುಡಿಯನ್ನು ಭಿನ್ನ ವಯಸ್ಸಿನ, ಭಿನ್ನ ಪ್ರಕೃತಿಯ ಕೆಲವು ನೂರು ಜನರಿಗೆ ಕೊಟ್ಟು, ನಾಲ್ಕು ವಾರ ಇವೆರಡನ್ನು ಅಳೆಯುವುದು ಒಂದು ಆಯುರ್ವೇದ ಕಾಲೇಜಿಗೂ ಪಕ್ಕದ ವೈದ್ಯಕೀಯ ಕಾಲೇಜಿಗೂ ಸೇರಿ ನಿಭಾಯಿಸಬಹುದಾದ ಕೆಲಸ. ಹೊಸದಾಗಿ ನೂರು ಎಲೆಗಳ ಸಾರವನ್ನು ಇಲಿಗಳಿಗೆ ಕುಡಿಸುವುದಕ್ಕಿಂತ ಇದಕ್ಕೆ ತಗಲುವ ಖರ್ಚು ಹೆಚ್ಚಾಗಲಾರದು. ಅಲ್ಲಿಯವರೆಗೆ, ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆಯನ್ನು, ಅಂದರೆ ತಾನೇ ಪೊಟ್ಯಾಸಿಯಂ ಇಳಿಸುವ ಗುಳಿಗೆಯನ್ನು, ಸೇವಿಸುತ್ತಿರುವ ಎಪ್ಪತ್ತರ ಹಿರಿಯರೊಬ್ಬರು ಅತಿಮಧುರಕ್ಕಾಗಿ ಕೈಚಾಚಿದಾಗ, 1977ರ ಆ ಇಂಗ್ಲಿಷ್ ಅಧ್ಯಯನಕ್ಕಿಂತ ಹತ್ತಿರದ ಆಧಾರ ಗ್ರಂಧಿಗೆ ಅಂಗಡಿಯವರ ಬಳಿಯೂ ಇಲ್ಲ, ವೈದ್ಯರ ಬಳಿಯೂ ಇಲ್ಲ.